ಕುವೈತಿನ ಕೌಬಾಯ್ ಪೊರ್ಬುಗಳು

ವಾರವಿಡೀ ಕುವೈತಿನ ಶರ್ಕ್ ಪೇಟೆಯ ಆಫೀಸಿನಲ್ಲಿ ಕುತ್ತಿಗೆ ಬಗ್ಗಿಸಿ ಕೂತವರು, ವಾರದ ರಜೆ ಶುರುವಾಗುವ ಗುರುವಾರ ಸಂಜೆ ಅಗಲ ಟೊಪ್ಪಿ ಇಟ್ಟು ಕೌಬಾಯ್‌ಗಳಾದರೆ ನಗೆಪಾಟಲಾಗದೆ ಇರುತ್ತದೆಯೇ? ನಮ್ಮದು ಅಮೆರಿಕದ ಕಂಟ್ರಿ ಹಾಡುಗಳ ಬ್ಯಾಂಡ್. ಇಲ್ಲಿರುವ ನಮ್ಮ ಕರಾವಳಿಯವರ ಮದುವೆ, ವಾರ್ಷಿಕೋತ್ಸವ ಯಾವುದಿದ್ದರೂ ನಮಗೇ ಕರೆ. ಅದಕ್ಕೆ ಕಾರಣ ನಮ್ಮ ಹಾಡುಗಾರರು. ಹಗಲು ಅವರಿಗೆ ಆಸ್ಪತ್ರೆಯ ಸ್ಟೋರಿನಲ್ಲಿ ಕೆಲಸ. ಕೊಂಕಣಿ ಕ್ರಿಶ್ಚಿಯನ್ನರಾದ್ದರಿಂದ ನಾವು ತುಳುವರು ಅವರನ್ನು, ಒಬ್ಬರೇ ಆದರೂ ಮರ್ಯಾದೆಗೆ, ಪೊರ್ಬುಗಳು ಅಂತ ಕರೆಯುತ್ತೇವೆ. ನಾನು ಅವರ ಹಿಂದೆ ನಿಂತು ಬೇಸ್ ಗಿಟಾರ್ ನುಡಿಸುವವನು.

ಇಷ್ಟು ಹೆಸರು ಬಂದರೂ ಪೊರ್ಬುಗಳಿಗೆ ಒಂದು ಕೊರಗು. ಹೆಂಡತಿ ಮಂಗಳೂರಿನಲ್ಲಿ. ಗಂಡ ವೇದಿಕೆಯಲ್ಲಿ ಹಾಡುವುದನ್ನು ಆಕೆ ಒಮ್ಮೆಯೂ ನೋಡಿಲ್ಲ.

ನಾಡಗೀತೆ

ಒಂದು ಸಂಘದ ರಾಜ್ಯೋತ್ಸವ. ಮೈಕಿನಲ್ಲಿ ಒಂದೇ ಒಂದು ಇಂಗ್ಲಿಷ್ ಪದ ಆಡುವುದಿಲ್ಲ ಎಂದು ನಿರೂಪಕರು ಶಪಥ ಮಾಡಿದ್ದರು. ನಮ್ಮ ಕಂಟ್ರಿ ಸಾಂಗಿನ ಸರದಿ ಬಂತು. ಕಂಟ್ರಿ ಅಂದರೆ ನಾಡು, ಸಾಂಗ್ ಅಂದರೆ ಗೀತೆ. "ಈಗ ನಾಡಗೀತೆ" ಎಂದು ಘೋಷಿಸಿಯೇಬಿಟ್ಟರು.

ಸಭೆಗೆ ಸಭೆಯೇ ಎದ್ದು ಕೈ ಇಳಿಬಿಟ್ಟು ನೆಟ್ಟಗೆ ನಿಂತಿತು. ಪೊರ್ಬುಗಳು ಎತ್ತಿಕೊಂಡದ್ದು, ಕುದುರೆ ಕಳಕೊಂಡವನು ವಿಸ್ಕಿ ನೆನೆದು ಅಳುವ ಹಾಡು. ಮುಖ್ಯ ಅತಿಥಿಗಳು ಕೂರಲಿಲ್ಲ, ಹಾಗಾಗಿ ಬೇರೆ ಯಾರಿಗೂ ಕೂರುವ ಧೈರ್ಯ ಬರಲಿಲ್ಲ.

ಮುಗಿದ ಮೇಲೆ ಆ ಅತಿಥಿಗಳು ನನ್ನ ಕಿವಿಯಲ್ಲಿ ಕೇಳಿದರು: "ಊರಲ್ಲಿ ಟ್ಯೂನ್ ಮತ್ತೆ ಬದಲಾಯಿಸಿದ್ರಾ? ನಮಗೆ ಇಲ್ಲಿ ಏನೂ ಗೊತ್ತೇ ಆಗುವುದಿಲ್ಲ ಮಾರಾಯ್ರೆ."

ಒನ್ಸ್ ಮೋರ್

ನಮ್ಮ ಕೊನೆಯ ಹಾಡು ಯಾವಾಗಲೂ ಮನೆಗೆ ಹೊರಟವನದು. ಪೊರ್ಬುಗಳೇ ಇಂಗ್ಲಿಷಿನಲ್ಲಿ ಕಟ್ಟಿದ್ದು. ನಮ್ಮ ದೇಶದವರೇ ತುಂಬಿರುವ ಅಬ್ಬಾಸಿಯಾದ ಬ್ಯಾಚುಲರ್ ರೂಮುಗಳಿಂದ ಬಂದ ಹುಡುಗರು ಅದಕ್ಕೆ ಕಣ್ಣೊರೆಸಿಕೊಳ್ಳುತ್ತಾರೆ. ಬಾರಿಸುತ್ತಿರುವ ನನಗೂ ಊರು ಕಣ್ಣಿಗೆ ಕಟ್ಟುತ್ತದೆ. ಒಂದು ಸಂಜೆಯಂತೂ ಹುಡುಗರು ಒನ್ಸ್ ಮೋರ್ ಕೂಗುವುದನ್ನು ನಿಲ್ಲಿಸಲೇ ಇಲ್ಲ. ಕೊನೆಗೆ ನಮ್ಮ ವ್ಯಾನಿನ ಡ್ರೈವರ್ ವೇದಿಕೆಗೇ ಬಂದು "ಯಲ್ಲಾ, ಖಲಾಸ್" ಅಂದ, ಹೊರಡಿ, ಮುಗೀತು ಅಂತ.

ವ್ಯಾನಿನಲ್ಲಿ ಪೊರ್ಬುಗಳು ಹೇಳಿದರು: "ಮನೆಗೆ ಹೊರಟೆ ಅಂತ ಹಾಡ್ತೇನೆ. ಎಲ್ಲರೂ ಅಳ್ತಾರೆ. ಮತ್ತೆ ಅವರೇ ಒನ್ಸ್ ಮೋರ್ ಅಂತ ವಾಪಸ್ ಕರೀತಾರೆ. ಹಾಗಾದರೆ ನಾನು ಹೋಗ್ಲಿಕ್ಕೆ ಯಾವಾಗ?"

ನಾವು ಬಿದ್ದು ಬಿದ್ದು ನಕ್ಕೆವು. ಅವರು ಕಿಟಕಿಯ ಕಡೆ ತಿರುಗಿ ಕೂತರು.

ಮುಂದಿನ ಸಾಲು

ಅಂತೂ ವಿಸಿಟ್ ವೀಸಾ ಸಿಕ್ಕಿ ಪೊರ್ಬುಗಳ ಹೆಂಡತಿ ಬಂದರು; ನಮಗೆಲ್ಲ ಅವರು ಅಕ್ಕ. ಕಾರ್ಯಕ್ರಮದ ದಿನ ಅವರನ್ನು ಮುಂದಿನ ಸಾಲಿನಲ್ಲಿ, ಸಂಘದ ಅಧ್ಯಕ್ಷರ ಪಕ್ಕದಲ್ಲೇ ಕೂರಿಸಿದೆವು. ಪೊರ್ಬುಗಳು ಅವರನ್ನೊಬ್ಬರನ್ನೇ ನೋಡುತ್ತಾ ಮನೆಗೆ ಹೊರಟವನ ಹಾಡು ಹಾಡಿದರು. ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅಧ್ಯಕ್ಷರು ಕರ್ಚೀಫು ತೆಗೆದರು. ಅಕ್ಕ ಮಾತ್ರ ಸುಮ್ಮನೆ ಕೂತು ಕೇಳುತ್ತಿದ್ದರು.

ಊಟದ ಮೇಜಿನಲ್ಲಿ ಪೊರ್ಬುಗಳ ಮುಖ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗಿತ್ತು. ನಾನೂ ಇದ್ದೆನೆಂದು ಮಾತು ಕನ್ನಡದಲ್ಲೇ ನಡೆಯಿತು.

"ಹೇಗಾಯ್ತು?"

"ಒಳ್ಳೆದಾಯ್ತು. ನಿಮ್ಮ ಅಮೆರಿಕದ ಇಂಗ್ಲಿಷ್ ಮಾತ್ರ ಅರ್ಥ ಆಗ್ಲಿಲ್ಲ. ಆ ಕೊನೆಯ ಹಾಡಿನಲ್ಲಿ ಏನುಂಟು?"

ಪೊರ್ಬುಗಳು ತಟ್ಟೆ ನೋಡುತ್ತಾ ಹೇಳಿದರು: "ಸ್ವಲ್ಪ ದಿನ ಕಾಯಿ, ಮನೆಗೆ ಬಂದುಬಿಡ್ತೇನೆ ಅಂತ."

ಅಕ್ಕ ಅವರ ತಟ್ಟೆಗೆ ಒಂದು ಸೌಟು ಅನ್ನ ಬಡಿಸಿ ಅಂದರು: "ಓ, ಅದಾ? ಅದನ್ನು ಫೋನಿನಲ್ಲಿ ನನಗೆ ದಿನಾ ಹಾಡ್ತೀರಲ್ಲ. ಇವತ್ತು ಗಿಟಾರ್ ಇದ್ದ ಕಾರಣ ಗುರ್ತ ಸಿಕ್ಕಲಿಲ್ಲ."