ಸಿಂಗಾಪುರದ ಕಸದ ಡಬ್ಬಿಯಲ್ಲಿ ಹದಿಮೂರು ಪಾಸ್‌ಪೋರ್ಟ್

ಕಸ ವಿಂಗಡಿಸುವುದರಲ್ಲಿ ಇಡೀ ಭದ್ರಾವತಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆಗ ನ್ಯೂ ಟೌನ್‌ನ ಖಾಸಗಿ ಶಾಲೆಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಶಿವಮೊಗ್ಗದ ಯಾವುದೋ ಶಾಲೆ ಮಕ್ಕಳನ್ನು ವಿದೇಶಕ್ಕೆ ಕರೆದೊಯ್ದಿತೆಂಬ ಸುದ್ದಿ ಬಂದದ್ದೇ ತಡ, ನಮ್ಮ ಆಡಳಿತ ಮಂಡಳಿಗೂ ಭೂಮಿಯ ಭವಿಷ್ಯದ ಬಗ್ಗೆ ವಿಪರೀತ ಚಿಂತೆ ಹತ್ತಿಕೊಂಡಿತು. ‘ಜಾಗತಿಕ ಸುಸ್ಥಿರತೆಯ ಅಧ್ಯಯನ ಪ್ರವಾಸ’ ಎಂದು ಹೆಸರಿಟ್ಟು, ಹನ್ನೊಂದು ಮಕ್ಕಳನ್ನು ಸಿಂಗಾಪುರಕ್ಕೆ ಕಳಿಸುವುದೆಂದು ತೀರ್ಮಾನವಾಯಿತು. ಮುಖಂಡ ನಾನು. ಸಹಾಯಕ್ಕೆ ಹಿಂದಿ ಕಲಿಸುವ ಗಿರಿಜಾ ಮೇಡಂ.

ಹೊರಡುವ ಮುನ್ನ ಹೆಂಡತಿ ಶಾರದಾ ಸೊಂಟಕ್ಕೆ ಕಟ್ಟಿಕೊಳ್ಳುವ ಬಟ್ಟೆಚೀಲವೊಂದನ್ನು ಹೊಲಿದು ತಂದಳು.

“ಎಲ್ಲರ ಪಾಸ್‌ಪೋರ್ಟೂ ಇದ್ರೊಳಗೆ ಇಟ್ಕೊಳ್ಳಿ ಮಾರಾಯ್ರೆ. ನಿಮ್ಮ ಕೈಯಲ್ಲಿ ಏನೂ ನಿಲ್ಲಲ್ಲ.”

“ಹೊಸ ಚೀಲ ಯಾಕೆ? ಹಳೇದನ್ನೇ ಮತ್ತೆ ಬಳಸ್ಬೇಕು. ಅದನ್ನ ಕಲಿಸೋಕೇ ನಾವು ಹೋಗ್ತಿರೋದು!”

ಮನೆಯಲ್ಲಿ ಸೀರೆ ಅಂಗಡಿಯ ಹಳದಿ ಪ್ಲಾಸ್ಟಿಕ್ ಕವರುಗಳು ರಾಶಿ ಬಿದ್ದಿದ್ದವು. ಒಂದು ಪಾಸ್‌ಪೋರ್ಟುಗಳಿಗೆ, ಇನ್ನೊಂದು ಪ್ರವಾಸದಲ್ಲಿ ಮಕ್ಕಳು ಮಾಡುವ ಕಸಕ್ಕೆ ಎಂದು ಎರಡನ್ನು ಆರಿಸಿದೆ. ಪರದೇಶದಲ್ಲಿ ಭದ್ರಾವತಿಯ ಒಂದು ಚೂರು ಕಸವೂ ನೆಲಕ್ಕೆ ಬೀಳಕೂಡದು!

“ಎರಡೂ ಒಂದೇ ಥರ ಇದಾವಲ್ರೀ!” ಎಂದಳು ಶಾರದಾ.

“ನಾನು ವಿಜ್ಞಾನದ ಮೇಷ್ಟ್ರು ಕಣೇ” ಎಂದೆ. ಈ ಉತ್ತರಕ್ಕೂ ಆ ಮಾತಿಗೂ ಏನು ಸಂಬಂಧವೆಂದು ಅವಳು ಕೇಳಲಿಲ್ಲ.

ಸಿಂಗಾಪುರದಲ್ಲಿ ಎಲ್ಲವೂ ಸುಸೂತ್ರ. ಕೊಳಚೆ ನೀರನ್ನು ಕುಡಿಯುವ ನೀರಾಗಿಸುವ ಘಟಕ ನೋಡಿದೆವು, ಮಾಳಿಗೆಯ ಮೇಲಿನ ತೋಟ ನೋಡಿದೆವು. ಕೊನೆಯ ದಿನ ಸಂಜೆಗೆ ವಿಮಾನ. ಮಧ್ಯಾಹ್ನ ಹೋಟೆಲಿನ ಎದುರು ಸಾಲಾಗಿ ನಿಂತಿದ್ದ ಬಣ್ಣಬಣ್ಣದ ಕಸದ ಡಬ್ಬಿಗಳನ್ನು ಕಂಡು ನನ್ನೊಳಗಿನ ಮೇಷ್ಟ್ರು ಜಾಗೃತರಾದರು. ಮಕ್ಕಳನ್ನು ಅರ್ಧ ಚಂದ್ರಾಕಾರದಲ್ಲಿ ನಿಲ್ಲಿಸಿದೆ.

“ಮಕ್ಕಳೇ, ಈ ಭೂಮಿಯಲ್ಲಿ ಕಸ ಎಂಬುದೇ ಇಲ್ಲ. ತಪ್ಪು ಜಾಗಕ್ಕೆ ಸೇರಿದ ವಸ್ತುವೇ ಕಸ!” ಎಂದು ಘೋಷಿಸಿ, ಹಳದಿ ಕವರನ್ನು ಎತ್ತಿ ತೋರಿಸಿ ಡಬ್ಬಿಯ ಬಾಯೊಳಗೆ ಬಿಟ್ಟೆ.

ಚಿಪ್ಸ್ ಪೊಟ್ಟಣಗಳು ಬಿದ್ದರೆ ‘ಸರಪರ’ ಎನ್ನಬೇಕು. ಇದು ‘ಧಡ್’ ಎಂದಿತು.

ಮಕ್ಕಳು ಚಪ್ಪಾಳೆ ತಟ್ಟಿದರು. ಒಂಬತ್ತನೇ ಕ್ಲಾಸಿನ ಸೆಲ್ವಿ ಮಾತ್ರ ತಟ್ಟಲಿಲ್ಲ. “ಸಾರ್, ಕಸ ನಿಮ್ಮ ಎಡಗೈಯಲ್ಲೇ ಇದೆ” ಎಂದಳು.

ನನ್ನ ಕಾಲ ಕೆಳಗಿನ ಸಿಂಗಾಪುರ ಅಲ್ಲಾಡಿತು. ಡಬ್ಬಿಗೆ ಬೀಗ. ಬಾಯಿ ಕಿರಿದು. ಭುಜದವರೆಗೆ ಕೈ ಇಳಿಸಿ ತಡಕಾಡಿದೆ. ಪಾಸ್‌ಪೋರ್ಟ್ ಸಿಗಲಿಲ್ಲ. ಕೈ ಹೊರಗೆ ಬರಲಿಲ್ಲ! ಕಸ ಹಾಕಿದರೆ ದಂಡ ವಿಧಿಸುವ ಊರಿನಲ್ಲಿ ಕಸ ಕದ್ದರೆ ಏನು ಶಿಕ್ಷೆಯೋ! ಗಿರಿಜಾ ಮೇಡಂ ನನ್ನ ಸೊಂಟದ ಬೆಲ್ಟಿಗೇ ಕೈಹಾಕಿ ಎಳೆದರು. ಕೈ ಬಂತು, ಗಡಿಯಾರ ಒಳಗೇ ಉಳಿಯಿತು.

“ಹೋಟೆಲಿನವರನ್ನ ಕೇಳೋಣ, ಎಲ್ಲರೂ ನಡೀರಿ” ಎಂದೆ.

“ನಾನು ಮೇಡಂ ಜೊತೆ ಇಲ್ಲೇ ಕಾಯ್ತೀನಿ ಸಾರ್” ಎಂದಳು ಸೆಲ್ವಿ.

“ಯಾರೂ ಬೀದಿಯಲ್ಲಿ ನಿಲ್ಲಕೂಡದು. ಶಿಸ್ತು!”

ಶಿಸ್ತಾಗಿ ಒಳಗೆ ಹೋಗಿ, ಶಿಸ್ತಾಗಿ ಹೊರಗೆ ಬಂದೆವು. ಅಷ್ಟರಲ್ಲಿ ಕಸದ ಲಾರಿ ಬಂದು, ಡಬ್ಬಿಯನ್ನು ಬರಿದು ಮಾಡಿಕೊಂಡು ಹೊರಟಿತ್ತು.

ಓಡಿದೆ. ಉಳಿದ ಹಳದಿ ಕವರನ್ನು ಬಾವುಟದಂತೆ ಬೀಸುತ್ತ ಓಡಿದೆ. ಸಿಗ್ನಲ್ಲಿನಲ್ಲಿ ಲಾರಿ ನಿಂತಿತು. ಚಾಲಕನ ಮುಂದೆ ಮುರುಗನ ಪಟ. ತಮಿಳಿನವ! ತಮಿಳರೇ ತುಂಬಿದ್ದ ಭದ್ರಾವತಿಯ ಕಾರ್ಖಾನೆ ಕಾಲೊನಿಯಲ್ಲಿ ಬೆಳೆದ ನನಗೆ ತಮಿಳು ಬರುವುದಿಲ್ಲವೇ? ಬಾಯಿಗೆ ಬಂದದ್ದನ್ನು ಕೂಗಿದೆ. ಅವನು ಮುಖ ಕೆಂಪಗೆ ಮಾಡಿಕೊಂಡು ಕಿಟಕಿಯ ಗಾಜು ಏರಿಸಿಬಿಟ್ಟ.

ಹಿಂದೆಯೇ ಓಡಿಬಂದ ಸೆಲ್ವಿ ಏದುಸಿರು ಬಿಡುತ್ತ ಹೇಳಿದಳು: “ಸಾರ್, ನೀವು ಅವರಪ್ಪಂಗೆ ಬೈದ್ರಿ.”

ನಾನು ತಮಿಳು ಕಲಿತದ್ದು ಬೀದಿ ನಲ್ಲಿಯ ಜಗಳಗಳಲ್ಲಿ. ಅಲ್ಲಿ ಯಾರೂ ‘ದಯವಿಟ್ಟು’ ಎಂದದ್ದನ್ನು ಕೇಳಿರಲಿಲ್ಲ. ಸೆಲ್ವಿ ಗಾಜು ತಟ್ಟಿ, ಕೈಮುಗಿದು, ತನ್ನ ಮನೆಮಾತಾದ ತಮಿಳಿನಲ್ಲಿ ವಿವರಿಸಿದಳು. ರಸ್ತೆಯಲ್ಲಿ ಲಾರಿಯ ಬಾಗಿಲು ತೆಗೆಯುವಂತಿಲ್ಲ, ಕಸ ವಿಂಗಡಿಸುವ ಜಾಗಕ್ಕೇ ಬನ್ನಿ ಎಂದು ಅವನು ವಿಳಾಸ ಹೇಳಿದ. ಹೋಟೆಲಿಗೆ ಮರಳಿ ಎಲ್ಲರೂ ಅವರ ವ್ಯಾನು ಹತ್ತಿದೆವು.

ಅಲ್ಲಿ ನಮ್ಮ ಲಾರಿಯ ಕಸವನ್ನು ಒಂದು ಮೂಲೆಯಲ್ಲಿ ಬೇರೆಯಾಗಿ ಸುರಿದುಕೊಟ್ಟರು. ಆಳೆತ್ತರದ ಗುಡ್ಡೆ. ಗಿರಿಜಾ ಮೇಡಂ ಸೆರಗು ಸಿಕ್ಕಿಸಿ ಕೈಗವಸು ಹಾಕಿಕೊಂಡರು. ಎಲ್ಲರಿಗಿಂತ ಚಿಕ್ಕವನಾದ ಪ್ರಣವ ನನ್ನ ಅಂಗಿ ಜಗ್ಗಿ ಕೇಳಿದ: “ಸಾರ್, ನಾವಿನ್ನು ಭದ್ರಾವತಿಗೆ ಹೋಗಲ್ವಾ?”

ಹನ್ನೊಂದು ಮನೆಯವರು ಬಸ್‌ಸ್ಟ್ಯಾಂಡಿನಲ್ಲಿ “ಮೇಷ್ಟ್ರಿದ್ದಾರಲ್ಲ, ಭಯ ಇಲ್ಲ” ಎಂದು ಮಕ್ಕಳನ್ನು ಒಪ್ಪಿಸಿದ್ದರು. ಮಂಡಿಯೂರಿ ಕಸಕ್ಕೆ ಕೈಹಾಕಿದೆ. ಮಕ್ಕಳೂ ಹಾಕಿದರು. ಬಾಟಲಿ, ಡಬ್ಬ, ಪತ್ರಿಕೆ, ಮತ್ತೆ ಬಾಟಲಿ. ಹೊರಗೆ ಬಿಸಿಲು ಇಳಿಯುತ್ತಿತ್ತು. ಹಳದಿ ಕಂಡಲ್ಲೆಲ್ಲ ಕೈ ಚಾಚುತ್ತಿದ್ದೆ. ಒಂದು ಸಲ ಬಾಳೆಹಣ್ಣಿನ ಸಿಪ್ಪೆ. ಇನ್ನೊಂದು ಸಲ ಮಗುವಿನ ರೇನ್‌ಕೋಟು.

“ಸಿಕ್ತು!” ಎಂದು ಕಿರುಚಿದವರು ಗಿರಿಜಾ ಮೇಡಂ. ಕವರಿನಿಂದ ಕಿತ್ತಳೆ ರಸ ತೊಟ್ಟಿಕ್ಕುತ್ತಿತ್ತು. ಹದಿಮೂರೂ ಇದ್ದವು. ಪ್ರಣವ ಅಳತೊಡಗಿದ. ನಿಜ ಹೇಳುತ್ತೇನೆ, ಅವನಿಗಿಂತ ಮೊದಲು ಶುರು ಮಾಡಿದ್ದು ನಾನು.

ವಿಮಾನ ನಿಲ್ದಾಣದ ಅಧಿಕಾರಿ ನನ್ನ ಪಾಸ್‌ಪೋರ್ಟನ್ನು ಎರಡು ಬೆರಳಲ್ಲಿ ಎತ್ತಿ, ಮೂಸಿ, ನನ್ನನ್ನು ನೋಡಿ, ಮತ್ತೆ ಮೂಸಿ, ಯಾಕೆ ಬಂದಿದ್ದಿರಿ ಎಂದು ಕೇಳಿದ.

“ಅಧ್ಯಯನ ಪ್ರವಾಸ” ಎಂದೆ.

ಸುದ್ದಿ ನಮಗಿಂತ ಮೊದಲೇ ಊರು ತಲುಪಿತ್ತು. ಮುಂದಿನ ವರ್ಷದ ಪ್ರವಾಸವನ್ನು ಆಡಳಿತ ಮಂಡಳಿ ಪಾಸ್‌ಪೋರ್ಟ್ ಬೇಡದ ಜಾಗಕ್ಕೆ ಇಟ್ಟುಕೊಂಡಿತು: ನಮ್ಮೂರ ಪಕ್ಕದ ಮಾಚೇನಹಳ್ಳಿ. ಮುಖಂಡರು ಗಿರಿಜಾ ಮೇಡಂ, ಸಹಾಯಕ್ಕೆ ನಾನು. ಮಕ್ಕಳನ್ನು ಇಬ್ಬಿಬ್ಬರಾಗಿ ಜೋಡಿ ಮಾಡಿ ನಿಲ್ಲಿಸಿದರು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಸರಸರನೆ ಬಂದು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ಹೆದರಬೇಡಮ್ಮಾ, ನಾನಿದ್ದೀನಲ್ಲ” ಎಂದೆ.

“ನಂಗೇನೂ ಹೆದರಿಕೆ ಇಲ್ಲ ಸಾರ್,” ಎಂದಳು ಅವಳು, “ನಿಮ್ಮನ್ನ ನೋಡ್ಕೋ ಅಂತ ಮೇಡಂ ಹೇಳಿದ್ದಾರೆ.”