ರುದ್ರಭೂಮಿಗೊಬ್ಬ ಗಿರಾಕಿ

ನಮ್ಮ ಸೋದರತ್ತೆ ಕಿತ್ತಳೆ ಹಣ್ಣು ಹಿಡಿದು ಬಂದರೆಂದರೆ ಲಷ್ಕರ್ ಮೊಹಲ್ಲಾದಲ್ಲಿ ಎಂಥ ಕಾಯಿಲೆಯವರೂ ಎದ್ದು ಕೂರುತ್ತಿದ್ದರು! ಡಾಕ್ಟರಿಗೂ ಇಲ್ಲದ ಈ ಕೈಗುಣ ಅವರಿಗೆ ಹೇಗೆ ಬಂತು ಅಂತೀರಾ? ಅದು ಮುನಿಸಿಪಾಲಿಟಿಯ ಕೃಪೆ.

ಅತ್ತೆಗೆ ಇದ್ದವಳು ಒಬ್ಬಳೇ ಮಗಳು. ಏಳು ವರ್ಷಕ್ಕೇ ಜ್ವರ ಬಂದು ತೀರಿಕೊಂಡಳು. ನಮ್ಮಲ್ಲಿ ಹೂಳುವುದು ಪದ್ಧತಿ. ಊರಾಚೆಯ ರುದ್ರಭೂಮಿಯಲ್ಲಿ ಮಣ್ಣು ಮಾಡಿದರು. ಆಮೇಲೆ ಬೇರೆ ಕಡೆ ಹೊಸ ರುದ್ರಭೂಮಿ ಬಂತು, ಜನ ಹಳೆಯದನ್ನು ಮರೆತೇಬಿಟ್ಟರು. ಸ್ವಾತಂತ್ರ್ಯ ಬರುವ ಹೊತ್ತಿಗೆ ಅಲ್ಲಿ ಆಳೆತ್ತರದ ಮುಳ್ಳುಪೊದೆ! ಅತ್ತೆ ತಾವೇ ಆಳು ಹಿಡಿದು ಕಡಿಸಿದರೂ ಒಂದು ಮಳೆ ಬಿದ್ದರೆ ಮತ್ತೆ ಅಷ್ಟೇ. ಸಮಾಧಿಯ ಹತ್ತಿರ ಹೋಗಲಾರದೆ, ಪೊದೆಯ ಈಚೆ ನಿಂತು ಹೂವು ಎಸೆದು ಬರುತ್ತಿದ್ದರು.

ಮುನಿಸಿಪಾಲಿಟಿಗೆ ಅಲೆದರು. ಅಲ್ಲಿನ ಗುಮಾಸ್ತರು ಕಾಯಿದೆ ಹೇಳಿದರು: "ಬಳಕೆ ನಿಂತೋದ ರುದ್ರಭೂಮಿಗೆ ಸಾರ್ವಜನಿಕರ ದುಡ್ಡು ಖರ್ಚು ಮಾಡೋ ಹಾಗಿಲ್ಲ ಕಣಮ್ಮ. ಹೊಸದಾಗಿ ಯಾರನ್ನಾದ್ರೂ ಹೂಳಿದ್ರೆ ಮಾತು ಬೇರೆ."

"ಯಾರಾದ್ರೂ ಆಯ್ತದಾ?"

"ಸತ್ತಿರ್ಬೇಕು, ಅಷ್ಟೇ."

ಅಂದಿನಿಂದ ಶುರು! ಹಾಸಿಗೆ ಹಿಡಿದವರ ಮನೆಗೆಲ್ಲ ಅತ್ತೆಯ ಸವಾರಿ. ಹಣ್ಣು ಕೊಟ್ಟು, ಹಣೆ ಮುಟ್ಟಿ, ಮೆಲ್ಲಗೆ ಕೇಳುವುದು: "ನಿಮ್ಮನ್ನ ಎಲ್ಲಿ ಮಣ್ಣು ಮಾಡ್ತಾರಂತೆ?" ತಿಂಗಳುಗಟ್ಟಲೆ ಮಲಗಿದ್ದ ರಾಗಿ ಮಂಡಿ ಸಾಹುಕಾರರು ಮಾರನೆಯ ದಿನವೇ ಜಟಕಾ ಕಟ್ಟಿಸಿಕೊಂಡು ಬೀದಿ ಬೀದಿ ಸುತ್ತಿ, ತಾವು ಬದುಕಿರುವುದನ್ನು ಊರಿಗೆಲ್ಲ ತೋರಿಸಿ ಬಂದರು. ನಮ್ಮಪ್ಪನಂತೂ ಅಕ್ಕನ ಎದುರಿಗೆ ಕೆಮ್ಮುವುದನ್ನೇ ಬಿಟ್ಟರು!

"ಎಂಗೂ ಒಂದಿನ ಹೋಗೋರೇ. ಅಲ್ಲಿಗೇ ಹೋದ್ರೆ ನಿಮ್ಮ ಗಂಟೇನು ಹೋಯ್ತದೆ?" ಎಂದು ಅತ್ತೆ ಗದರುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಪಾಪ, ಅವರು ಒಂದು ದಿನವೂ ನಗಲಿಲ್ಲ.

ಒಂದು ಬೇಸಗೆಯಲ್ಲಿ ಪಕ್ಕದ ಮನೆಯ ಟೈಲರನ ಪುಟ್ಟ ಮಗಳು ಜ್ವರದಿಂದ ಮಲಗಿದಳು. ಅತ್ತೆ ಹೋದರು, ಆದರೆ ಏನೂ ಕೇಳಲಿಲ್ಲ. ಊಟ ನಿದ್ದೆ ಬಿಟ್ಟು ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತರು. ಡಾಕ್ಟರು ಕೈಚೆಲ್ಲಿ ಹೋದ ಮಧ್ಯಾಹ್ನ ನಾನೂ ಅಲ್ಲೇ ಇದ್ದೆ. ಹುಡುಗಿಯ ತಾಯಿ ಅತ್ತೆಯ ಕಾಲ ಬಳಿ ಕುಸಿದು, "ಇವಳನ್ನ ನಿಮ್ಮ ಮಗಳ ಪಕ್ಕದಲ್ಲೇ ಮಲಗಿಸ್ತೀವಿ ಅವ್ವಾ. ಆಗ ಮುನಿಸಿಪಾಲಿಟಿಯೋರು ದಾರಿ ಮಾಡ್ಕೊಡ್ತಾರೆ" ಎಂದಳು.

"ಬಾಯ್ಮುಚ್ಚು!" ಅತ್ತೆ ಕಿರುಚಿದರು. "ನಂಗ್ಯಾವ ದಾರೀನೂ ಬೇಡ ಕಣೇ. ನನ್ನ ಮಗಳಿಗೆ ಒಬ್ಬಳೇ ಇದ್ದು ಅಭ್ಯಾಸ ಆಗೋಗದೆ. ಈ ಮಗೀಗೆ ಆಗಾಕಿಲ್ಲ."

ಸಂಜೆ ಹುಡುಗಿ ಬೆವರಿದಳು, ಕಣ್ಣು ಬಿಟ್ಟು ನೀರು ಕೇಳಿದಳು. ಎಲ್ಲರೂ ದೇವರಿಗೆ ಕೈಮುಗಿದರು. ಅತ್ತೆ ಮಾತ್ರ ಹಿತ್ತಲಿಗೆ ಹೋಗಿ ಮಗಳ ಹೆಸರು ಹಿಡಿದು ಕರೆಯುತ್ತ ಅತ್ತರು. ನಾನು ಹುಟ್ಟುವ ಮೊದಲೇ ಹೋದ ಆ ಹುಡುಗಿಯ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ.