ಕಾಯಿಗೆ ಮೈಕು ಹಿಡಿದದ್ದು

ಹೊಸದೇನಾದರೂ ಮಾಡಲು ಹೊರಟವನ ಮನೆ ಮುಂದೆ ನಗುವವರ ಸಾಲು ಕರಗುವುದೇ ಇಲ್ಲ. ನಮ್ಮ ಮನೆ ಮುಂದಂತೂ ಕ್ಯಾಸೆಟ್ಟಿನ ಕಾಲದಿಂದಲೂ ನಿಂತಿದೆ. ನಿಲ್ಲಲಿ. ತುರುವೇಕೆರೆ ಸೀಮೆಯಲ್ಲಿ ಎಲ್ಲರೂ ತೆಂಗು ಬೆಳೆದರು, ಕೊಬ್ಬರಿ ಮಾರಿದರು. ತೆಂಗಿನಿಂದ ಹೊಸ ಮಾಲು ತೆಗೆಯಬೇಕು ಅಂತ ತಲೆ ಓಡಿಸಿದವನು ನಾನೊಬ್ಬನೇ. ತಲೆ ಓಡಿತು, ಮಾಲು ಓಡಲಿಲ್ಲ, ಅಷ್ಟೇ.

ನನಗೆ ಅವಸರವಿತ್ತು. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಒಂದು ವರ್ಷ ಬಿಡುತ್ತಾರೆ. ಒಂದು ಅಟ್ಟ ತುಂಬಿ ಇಳಿಯಿತು ಅಂದರೆ ಒಂದು ವರ್ಷ ಕಳೆಯಿತು ಅಂತಲೇ ಲೆಕ್ಕ. ಅಷ್ಟರಲ್ಲಿ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿರುತ್ತದೆ. ಆಗಿದೆಯೋ ಇಲ್ಲವೋ ಅಂತ ಒಡೆಯದೆಯೇ ಹೇಳಬೇಕು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಗಡಗಡ ಅಂದರೆ ಆಗಿದೆ. ಗುಳುಗುಳು ಅಂದರೆ ವಾಪಸ್ ಅಟ್ಟಕ್ಕೆ. ಈ ಕೆಲಸದಲ್ಲಿ ನಮ್ಮವ್ವನನ್ನು ಮೀರಿಸುವವರು ಹತ್ತೂರಲ್ಲಿರಲಿಲ್ಲ. ಗೌಡರ ದೊಡ್ಡ ಅಟ್ಟ ಇಳಿಯಬೇಕಾದರೆ ಅವ್ವನೇ ಬರಬೇಕು. ಅಪ್ಪ ಹೋದಮೇಲೆ ನಮ್ಮಿಬ್ಬರ ಅನ್ನ, ಅವ್ವನ ಮರ್ಯಾದೆ, ಎರಡೂ ಆ ಅಟ್ಟದಲ್ಲೇ ಇದ್ದವು.

ಆದರೆ ಅವ್ವನ ಕಿವಿ ಮಂದವಾಗುತ್ತಿತ್ತು. ಹಿಂದಿನಿಂದ ಕೂಗಿದರೆ ತಿರುಗುತ್ತಿರಲಿಲ್ಲ. ಗೌಡರೂ ಗಮನಿಸಿದ್ದರು. "ನಡೆಯೋಗಂಟ ನಡೀಲಿ ಕಣಪ್ಪ," ಅಂದಿದ್ದರು. ಅದು ನಿಲ್ಲುವುದರೊಳಗೆ ನಾನೊಂದು ವ್ಯಾಪಾರ ಎಬ್ಬಿಸಬೇಕಿತ್ತು.

ಒಂದು: ಹೊಗೆ

ಕೊಬ್ಬರಿಗೆ ಒಂದು ವರ್ಷ ಯಾಕೆ ಕಾಯಬೇಕು, ಒಂದೇ ತಿಂಗಳಲ್ಲಿ ಯಾಕಾಗಬಾರದು? ತಾತ ಮುತ್ತಾತಂದಿರಿಗೆ ಹೊಳೆಯದಿದ್ದ ಈ ಪ್ರಶ್ನೆ ನನಗೆ ಹೊಳೆಯಿತು. ಅವ್ವನ ಎದುರು ಕುಕ್ಕರುಗಾಲಲ್ಲಿ ಕೂತು ಅರ್ಧ ಗಂಟೆ ವಿವರಿಸಿದೆ. ಅಟ್ಟದ ಕೆಳಗೆ ಮಟ್ಟೆ ಸುಡುವುದು, ಶಾಖ ಏರುವುದು, ನೀರು ಇಂಗುವುದು. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದು ಕೊನೆಗೆ "ಹೂಂ" ಅಂದಳು. ಊರೆಲ್ಲ ನಗುವಾಗ ನನ್ನ ಬುದ್ಧಿ ಅರ್ಥವಾಗಿದ್ದು ಅವಳೊಬ್ಬಳಿಗೆ.

ನಮ್ಮದು ಹತ್ತೇ ಮರ. ಅವುಗಳ ಅಷ್ಟೂ ಕಾಯಿಗೆ ಹೊಗೆ ಕೊಟ್ಟೆ. ನಾವಿಬ್ಬರೂ ಕೆಮ್ಮಿ ಕೆಮ್ಮಿ ಅರ್ಧವಾದೆವು. ತಿಂಗಳಾದ ಮೇಲೆ ಒಡೆದರೆ ಹೊರಗೆಲ್ಲ ಕರಿ, ಒಳಗೆ ನೀರು ಹಾಗೇ ಇದೆ, ಬೆಚ್ಚಗೆ. ಬಿಡುವವನಾ ನಾನು? ಹೋಳು ಮಾಡಿ ಬಿಸಿಲಲ್ಲಿ ಒಣಗಿಸಿ, ಚೀಲ ಹೊತ್ತು ತಿಪಟೂರು ಮಾರುಕಟ್ಟೆಗೆ ಹೋದೆ. ಮಂಡಿ ಸಾಹುಕಾರರು ಒಂದು ಹೋಳು ಎತ್ತಿ ಮೂಸಿದರು. ಮತ್ತೊಮ್ಮೆ ಮೂಸಿದರು.

"ಏನಪ್ಪಾ ಇದು?"

"ಹೊಸ ಥರ ಕೊಬ್ಬರಿ ಸಾಮಿ. ಒಂದೇ ತಿಂಗಳಿಗೆ ರೆಡಿ."

ಅವರು ಗುಮಾಸ್ತನ ಕಡೆ ತಿರುಗಿ, "ಇದನ್ನ ತೂಕಕ್ಕೆ ಇಡಬೇಡಪ್ಪ. ಇವನಿಗೆ ಬೀಡಿ ಅಂಗಡಿ ತೋರ್ಸು," ಅಂದರು.

ಎರಡು: ಸೋಡಾ

ಕಾಯಿಪುಡಿ ಮಾಡುವ ಕಾರ್ಖಾನೆಯಲ್ಲಿ ಕಾಯಿ ನೀರು ಸುಮ್ಮನೆ ಹರಿದುಹೋಗುತ್ತಿತ್ತು. ಬೇರೆಯವರು ಅದರಲ್ಲಿ ಗಬ್ಬು ನೋಡಿದರು, ನಾನು ಬಂಡವಾಳ ನೋಡಿದೆ. ಬಿಂದಿಗೆಗಳಲ್ಲಿ ಹಿಡಿದು ತಂದು, ಸಕ್ಕರೆ ಬೆರೆಸಿ, ಸೋಡಾ ಅಂಗಡಿಯವನ ಕೈಕಾಲು ಹಿಡಿದು ಗೋಲಿಸೋಡಾ ಬಾಟ್ಲಿಗೆ ತುಂಬಿಸಿದೆ. ಅವ್ವನ ಎದುರು ಬಾಟ್ಲಿ ಎತ್ತಿ ಹಿಡಿದು, ಇದು ಬೆಂಗಳೂರಿಗೆ ಹೋಗುತ್ತೆ, ಅಲ್ಲಿಂದ ಬೊಂಬಾಯಿಗೆ ಹೋಗುತ್ತೆ ಅಂತ ವಿವರಿಸಿದೆ. "ಹೂಂ," ಅಂದಳು.

ಬೊಂಬಾಯಿಗೆ ಮೊದಲು ತುರುವೇಕೆರೆಗೆ ಹೋಗಲಿ ಅಂತ, ಎರಡು ದಿನ ಮನೆಯಲ್ಲಿಟ್ಟು, ಸುಡುಬಿಸಿಲಲ್ಲಿ ಬಸ್ಸಿಗೆ ಹಾಕಿದೆ. ನಾನು ತುಂಬಿಸಿದ ಗ್ಯಾಸು ಸಾಲದು ಅಂತ ಅದು ತಾನೇ ತುಂಬಿಕೊಂಡಿತ್ತು. ದಂಡಿನಶಿವರ ದಾಟುತ್ತಿದ್ದ ಹಾಗೆ ಡಂ ಅಂತ ಒಂದು ಬಾಟ್ಲಿ. ಹಿಂದೆಯೇ ಇನ್ನೊಂದು. ಹೆಂಗಸರು ಕಿರುಚಿದರು. ಬಸ್ಸೆಲ್ಲ ಹೆಂಡದ ವಾಸನೆ. ಮೂಲೆಯಲ್ಲಿದ್ದ ಅಜ್ಜನೊಬ್ಬ ತನ್ನ ತೋಳ ಮೇಲೆ ಚಿಮ್ಮಿದ್ದನ್ನು ನೆಕ್ಕಿ, "ಪರ್ವಾಗಿಲ್ಲ ಕಣ್ಲಾ, ಇನ್ನೊಂದು ಒಡೀಲಿ ಬುಡು," ಅಂದ.

ಕಂಡಕ್ಟರು ಸೀಟಿ ಊದಿದ. "ಇದಕ್ಕೆ ಲಗೇಜು ಚೀಟಿ ಸಾಲ್ದು, ಹೆಂಡದಂಗಡಿ ಲೈಸೆನ್ಸೇ ಬೇಕು. ಇಳಿ ಕೆಳಕ್ಕೆ!"

ಇಳಿದೆ. ತುರುವೇಕೆರೆಗೆ ಟಿಕೀಟು ತಗೊಂಡಿದ್ದ ಆ ಅಜ್ಜನೂ ನನ್ನ ಜೊತೆಗೇ ಇಳಿದ.

ಮೂರು: ಸಾಬರ ಅಂಗಡಿ

ಅವತ್ತು ಸಂಜೆ ಅವ್ವ ನನ್ನ ಅಂಗೈಗೆ ಹೊಕ್ಕಿದ್ದ ಗಾಜಿನ ಚೂರು ತೆಗೆಯುತ್ತಿದ್ದಳು. ಕಾಯಿ ಆರಿಸಿ ಆರಿಸಿ ಒರಟಾದ ಬೆರಳು, ಆದರೆ ಒಂದು ಚೂರೂ ನೋಯಲಿಲ್ಲ. ಆಗಲೇ ಗೌಡರ ಆಳು ಬಂದು ಬಾಗಿಲಲ್ಲಿ ನಿಂತು ನನಗೆ ಹೇಳಿದ: "ಮುಂದಿನ ಅಟ್ಟಕ್ಕೆ ಬೇರೆಯೋರ್ನ ನೋಡ್ತಾರಂತೆ." ಅವ್ವ ತಲೆ ಎತ್ತಲಿಲ್ಲ. ಕೇಳಿಸಿಯೂ ನುಂಗಿಕೊಂಡಳು ಅಂದುಕೊಂಡೆ.

ವ್ಯಾಪಾರ ಸಾಯಲಿ, ಮೊದಲು ಅವ್ವನ ಕಿವಿ ಉಳಿಸಬೇಕು. ತಿಪಟೂರಲ್ಲಿ ರೇಡಿಯೋ ರಿಪೇರಿ ಮಾಡುವ ಸಾಬರೊಬ್ಬರಿದ್ದರು. ಅವರ ಮುಂದೆ ಯೋಜನೆ ಇಟ್ಟೆ: ಒಂದು ಡಬ್ಬದೊಳಗೆ ಮೈಕು, ಡಬ್ಬಕ್ಕೆ ಒತ್ತಿ ಕಾಯಿ ಅಲ್ಲಾಡಿಸುವುದು, ಸದ್ದು ಆಂಪ್ಲಿಫೈಯರಿಗೆ ಹೋಗಿ ಹಾರ್ನಿನಲ್ಲಿ ದೊಡ್ಡದಾಗಿ ಬರುವುದು.

ಸಾಬರು ಕನ್ನಡಕ ತೆಗೆದು ನಕ್ಕರು. "ಮದುವೇಗೆ ಮೈಕ್ ಕೊಟ್ಟಿದೀನಿ, ಎಲೆಕ್ಷನ್ನಿಗೆ ಕೊಟ್ಟಿದೀನಿ. ತೆಂಗಿನಕಾಯಿ ಭಾಷಣ ಮಾಡೋದು ಇದೇ ಫಸ್ಟು ಭಾಯ್."

"ನಮ್ಮವ್ವಂಗೆ ಸಾಬ್ರೇ," ಅಂದೆ. ಅವರು ಮತ್ತೆ ನಗಲಿಲ್ಲ. ಎರಡು ದಿನ ಕೂತು ಜೋಡಿಸಿಕೊಟ್ಟರು. "ಒಂದು ಮಾತು. ಹಾರ್ನ್ ದೂರ ಇಡು. ಮೈಕ್ ಹತ್ರ ಬಂದ್ರೆ ಅರಚುತ್ತೆ."

"ಅವೆಲ್ಲ ನಂಗೊತ್ತು ಬುಡಿ," ಅಂದೆ.

ನಾಲ್ಕು: ಅರಚಾಟ

ಗೌಡರ ಅಂಗಳದಲ್ಲಿ ಊರೇ ಸೇರಿತ್ತು. ನಾನೇ ಸೇರಿಸಿದ್ದೆ. ಅವ್ವ ಆಗಲೇ ಕೂತು ಆ ಸಲದ ಅಟ್ಟದ ಕಾಯಿ ಆರಿಸುತ್ತಿದ್ದಳು. ಆಗಿದ್ದು ಬಲಕ್ಕೆ, ಆಗದ್ದು ಎಡಕ್ಕೆ. ಅವಳ ಮುಂದೆ ಡಬ್ಬ ಇಟ್ಟೆ. ಹಾರ್ನು ದೂರ ಇಟ್ಟರೆ ಅವಳಿಗೆ ಕೇಳುವುದು ಹೇಗೆ? ಅವಳ ಕಿವಿಯಿಂದ ಗೇಣು ದೂರಕ್ಕೆ ಕಟ್ಟಿದೆ. ನಿಂತು ಸಣ್ಣದೊಂದು ಭಾಷಣ ಮಾಡಿ ಸ್ವಿಚ್ಚು ಒತ್ತಿದೆ.

ಆ ಅರಚಾಟಕ್ಕೆ ಗೌಡರ ಎಮ್ಮೆ ಹಗ್ಗ ಕಿತ್ತುಕೊಂಡು ಕೆರೆ ಕಡೆ ಓಡಿತು. ಪಂಚೆ ಸರಿಮಾಡಿಕೊಳ್ಳುತ್ತಿದ್ದ ಗೌಡರು ಪಂಚೆ ಬಿಟ್ಟು ಎರಡೂ ಕೈ ಕಿವಿಗೆ ಒತ್ತಿದರು. ಜನ ಬಿದ್ದು ಎದ್ದು ಗೋಡೆ ಸೇರಿದರು. ಅವ್ವ ಮಾತ್ರ ಮುಂದಿನ ಕಾಯಿ ಎತ್ತಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ನಿಧಾನಕ್ಕೆ ಎಡಗಡೆ ಇಟ್ಟಳು.

ವೈರು ಕಿತ್ತೆ. ಎಲ್ಲರೂ ಅವ್ವನನ್ನೇ ನೋಡುತ್ತಿದ್ದರು. ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. ನಾನೇನೋ ಹೇಳಿ ಮುಗಿಸಿದೆ ಅಂದುಕೊಂಡು, "ಹೂಂ," ಅಂದಳು.

ಯಾರೂ ನಗಲಿಲ್ಲ. ಗೌಡರು ಎರಡೂ ರಾಶಿಯಿಂದ ಹತ್ತತ್ತು ಕಾಯಿ ಒಡೆಸಿದರು. ಒಂದೂ ತಪ್ಪಿರಲಿಲ್ಲ. ಆಮೇಲೆ ನನಗೆ ಹೇಳಿದರು: "ಕೆಲ್ಸದಾಗೆ ತಪ್ಪಿಲ್ಲ ಕಣಪ್ಪ. ಆದ್ರೆ ಏನೂ ಕೇಳ್ಸದೋರು ಆರಿಸಿದ್ದು ಅಂದ್ರೆ ವ್ಯಾಪಾರದೋರು ಮುಟ್ತಾರಾ? ಈಗ ಊರಿಗೆಲ್ಲ ಗೊತ್ತಾಗೋಯ್ತಲ್ಲ."

ಗೊತ್ತು ಮಾಡಿದವನು ನಾನೇ. ನನ್ನ ಯಂತ್ರ ಊರಿಗೆ ಕೇಳಿಸಿದ್ದು ಅದೊಂದನ್ನೇ.

ಹಾರ್ನು ಹೆಗಲ ಮೇಲೆ ಹೊತ್ತು ಅವ್ವನ ಜೊತೆ ತೋಟದ ದಾರಿಯಲ್ಲಿ ಬಂದೆ. ಯಾವಾಗಿಂದ ಅಂತ ಕೈಸನ್ನೆಯಲ್ಲಿ ಕೇಳಿದೆ.

"ಮೂರಟ್ಟ ಆಯ್ತು ಕಣ್ಲಾ," ಅಂದಳು. "ಕಾಯಿ ಅಂಗೈಗೇ ಹೇಳ್ತದೆ. ಕಿವಿ ತಾವ ಹಿಡ್ಕಳದು ನೋಡೋರಿಗೋಸ್ಕರ."

ಮೂರು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ತಿಳಿದಿರಲಿಲ್ಲ. ಮನೆಯಲ್ಲಿ ಮಾತಾಡುತ್ತಿದ್ದವನು ನಾನೊಬ್ಬನೇ. ಹೂಂ ಅನ್ನುವುದಕ್ಕಿಂತ ಹೆಚ್ಚಿನ ಉತ್ತರ ನಾನು ಕೇಳಿರಲೇ ಇಲ್ಲ.

ಹಾರ್ನು ಕೆಳಗಿಟ್ಟು, ಕೈಸನ್ನೆಯಲ್ಲೇ ಹೊಗೆ ಎಬ್ಬಿಸಿದೆ, ಬಾಟ್ಲಿ ಎತ್ತಿದೆ, ಮೈಕು ಹಿಡಿದೆ. ಆಮೇಲೆ ಕಿವಿ ಮುಟ್ಟಿ ತೋರಿಸಿದೆ: ಇದ್ಯಾವುದೂ ಕೇಳಿಸಿರಲಿಲ್ವಾ?

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವತ್ತೆಲ್ಲ ನಗದಿದ್ದವಳು ಆಗ ನಕ್ಕಳು.

"ಕೇಳ್ಸಿದ್ರೆ ಹೂಂ ಅಂತಿದ್ನೇನ್ಲಾ?"